ಮುಖ ನೋಡಿ ಹೇಳುವ ದರ

ಹಾಸನದ ಹೊರವಲಯದಲ್ಲಿ ನಮಗೆ 20 ಗುಂಟೆ ಜಾಗವಿದೆ. ಮನೆ ಕಟ್ಟಿಲ್ಲ, ಬೇಸಾಯವೂ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಪಾರ್ಥೇನಿಯಂ ಎದೆಮಟ್ಟಕ್ಕೆ ಬೆಳೆದಿರುತ್ತದೆ, ಪಕ್ಕದ ಮನೆಯವರು ಹಾವಿನ ಭಯಕ್ಕೆ ನನ್ನ ತಮ್ಮನಿಗೆ ಫೋನ್ ಮಾಡುತ್ತಾರೆ. ಈ ಬಾರಿಯೂ ಹಾಗೆಯೇ ಆಯಿತು. ತಮ್ಮ ಟ್ರ್ಯಾಕ್ಟರಿನವನನ್ನು ಕರೆಸಿ, 1,500 ರೂಪಾಯಿಗೆ ಮಾತನಾಡಿ ರೋಟವೇಟರ್ ಹೊಡೆಸಿದ. ಕೆಲಸ ಮುಗಿದ ಮೇಲೆ ಆತ ಕೇಳಿದ್ದು 2,500. ಯಾಕಪ್ಪಾ ಎಂದರೆ, "ನಿಮ್ಮ ಅಣ್ಣ ಅಮೆರಿಕದಲ್ಲಿದ್ದಾರಂತಲ್ಲ, ಅವರಿಗೆ ಇದು ಯಾವ ಲೆಕ್ಕ?" ಎಂದನಂತೆ.

ತಮ್ಮ ಕೊಟ್ಟು ಕಳುಹಿಸಿದ. ಸಾವಿರ ರೂಪಾಯಿಗೆ ನಾನು ಕೊರಗುತ್ತಿಲ್ಲ. ಆದರೆ ಆ ಮಾತು ನನಗೆ ನಾಟಿತು. ನನ್ನ ನೆಲದ ಕಳೆಗೂ ನನ್ನ ಸಂಬಳಕ್ಕೂ ಏನು ಸಂಬಂಧ?

ನಾನಿರುವುದು ಟೆಕ್ಸಾಸಿನಲ್ಲಿ, ಸ್ಯಾನ್ ಆಂಟೋನಿಯೊ ಸಮೀಪ. ಮುಂದೆ ಮನೆ ಕಟ್ಟುವ ಯೋಚನೆಯಿಂದ ಇಲ್ಲೂ ಅರ್ಧ ಎಕರೆ ಖಾಲಿ ಜಾಗ ತೆಗೆದುಕೊಂಡಿದ್ದೇನೆ. ನಮ್ಮ ಲೆಕ್ಕದಲ್ಲಿ ಅದೂ 20 ಗುಂಟೆಯೇ. ಇಲ್ಲಿ ಖಾಲಿ ಜಾಗವನ್ನು ಬೆಳೆಯಲು ಬಿಟ್ಟು ಸುಮ್ಮನಿರುವ ಹಾಗಿಲ್ಲ. ಆಸ್ಟಿನ್, ಡಲ್ಲಾಸ್ ಮುಂತಾದ ನಗರಗಳಲ್ಲಿ ಹುಲ್ಲು 12 ಇಂಚು ಮೀರಿದರೆ ನೋಟಿಸ್ ಬರುತ್ತದೆ. ಮಾಲೀಕ ಕತ್ತರಿಸದಿದ್ದರೆ ನಗರದವರೇ ಕತ್ತರಿಸಿ, ಖರ್ಚನ್ನು ಆ ಜಾಗದ ಮೇಲೆ ಋಣಭಾರವಾಗಿ ಹಾಕಬಹುದು, ಅದಕ್ಕೆ ವರ್ಷಕ್ಕೆ ಶೇಕಡ 10ರ ಬಡ್ಡಿಯನ್ನೂ ಸೇರಿಸಬಹುದು. ರಾಜ್ಯದ ಆರೋಗ್ಯ ಮತ್ತು ಸುರಕ್ಷತಾ ಸಂಹಿತೆಯ 342ನೇ ಅಧ್ಯಾಯ ನಗರಗಳಿಗೆ ಈ ಅಧಿಕಾರ ಕೊಟ್ಟಿದೆ. ಹಾಗಾಗಿ ಟ್ರ್ಯಾಕ್ಟರ್ ಇಟ್ಟುಕೊಂಡು ಖಾಲಿ ಜಾಗ ಕತ್ತರಿಸಿ ಕೊಡುವುದು ಇಲ್ಲಿ ಒಂದು ಕಸುಬು.

ನಾನು ಕರೆದವರು ಒಬ್ಬ ಹಿರಿಯರು. ಜಾಗದ ಅಳತೆ ಹೇಳಿ ದರ ಕೇಳಿದರೆ ಫೋನಿನಲ್ಲಿ ಹೇಳಲು ಒಪ್ಪಲಿಲ್ಲ. ಬಂದರು, ಕೈಯಲ್ಲಿ ಒಂದು ಕೋಲು ಹಿಡಿದು ಜಾಗದ ಉದ್ದಗಲ ನಡೆದರು. ಸೊಂಟದೆತ್ತರದ ಜಾನ್ಸನ್ ಹುಲ್ಲನ್ನು ಸರಿಸಿ ಸರಿಸಿ ನೋಡಿದರು. ಮೆಸ್ಕೀಟ್ ಮರದ ಮೋಟು, ಯಾರೋ ಸುರಿದು ಹೋದ ಕಾಂಕ್ರೀಟ್ ಉಂಡೆ, ಇರುವೆ ಗೂಡಿನ ದಿಬ್ಬ, ಇವುಗಳ ಪಕ್ಕ ಒಂದೊಂದು ಬಣ್ಣದ ಬಾವುಟ ನೆಟ್ಟರು. ಆಮೇಲೆ ಹೇಳಿದರು: "ಈ ಸಲಕ್ಕೆ 180 ಡಾಲರ್, ಏಕೆಂದರೆ ಎರಡು ಬಾರಿ ಓಡಿಸಬೇಕು. ತಿಂಗಳಿಗೊಮ್ಮೆ ಕರೆದರೆ 90. ಕಣ್ಣಿಗೆ ಬಿದ್ದ ಯಾವುದಕ್ಕಾದರೂ ನಾನು ಹೊಡೆದರೆ ನಷ್ಟ ನನ್ನದು. ನಿಮಗೆ ಗೊತ್ತಿದ್ದು ನೀವು ಹೇಳದೆ ಬಿಟ್ಟಿದ್ದರೆ ನಿಮ್ಮದು."

ಕೆಲಸದ ನಡುವೆ ಹಳೆಯ ಬೇಲಿಯ ಮುಳ್ಳುತಂತಿ ಟ್ರ್ಯಾಕ್ಟರಿನ ಹಿಂದಿನ ಹುಲ್ಲು ಕತ್ತರಿಸುವ ಕತ್ತಿಯ ಬುಡಕ್ಕೆ ಸುತ್ತಿಕೊಂಡಿತು. ಅದು ಅಲ್ಲಿದೆ ಎಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಯಂತ್ರ ನಿಲ್ಲಿಸಿ, ಕೆಳಗೆ ಮಲಗಿ, ಒಂದೊಂದೇ ಸುತ್ತನ್ನು ಕತ್ತರಿಸಿ ತೆಗೆಯುವುದರಲ್ಲಿ ಅವರ ಅರ್ಧ ಬೆಳಗ್ಗೆ ಹೋಯಿತು. ನಾನು 40 ಡಾಲರ್ ಹೆಚ್ಚು ಕೊಡಲು ಹೋದರೆ ಮುಟ್ಟಲಿಲ್ಲ. "ನಡೆದು ನೋಡಿ ದರ ಹೇಳಿದವನು ನಾನು" ಎಂದರು. ಆ ಒಂದು ಮಾತಿಗೆ ನಾನು ಅವರ ಖಾಯಂ ಗಿರಾಕಿಯಾದೆ.

ಆ ದರದ ಒಳಗೆ ಏನೇನಿದೆ ಎಂದು ಆಮೇಲೆ ಅವರನ್ನು ಕೇಳಿ ತಿಳಿದುಕೊಂಡೆ. ಟ್ರ್ಯಾಕ್ಟರಿನ ಹಿಂದೆ 5 ಅಡಿ ಅಗಲದ ತಿರುಗುಕತ್ತಿಯ ಯಂತ್ರ. ಗಂಟೆಗೆ 3 ಮೈಲಿ ವೇಗದಲ್ಲಿ ಓಡಿಸಿದರೆ ಕಾಗದದ ಮೇಲೆ ಗಂಟೆಗೆ 1.8 ಎಕರೆ ಮುಗಿಯಬೇಕು. ಮೂಲೆಯಲ್ಲಿ ತಿರುಗಿಸುವುದು, ಸಾಲಿನ ಮೇಲೆ ಸಾಲು ಸ್ವಲ್ಪ ಹಾಯುವುದು ಎಲ್ಲ ಸೇರಿದರೆ ಒಂದೂವರೆ ಎಕರೆ. ಅಂದರೆ ನನ್ನ ಜಾಗ 20 ನಿಮಿಷದ ಕೆಲಸ. ನೋಡುವವರಿಗೆ 20 ನಿಮಿಷಕ್ಕೆ 90 ಡಾಲರೇ ಎನಿಸುತ್ತದೆ. ಆದರೆ ಟ್ರ್ಯಾಕ್ಟರನ್ನು ಟ್ರೈಲರಿಗೆ ಹತ್ತಿಸಿ ಸರಪಳಿ ಬಿಗಿದು ತರಬೇಕು, ಇಳಿಸಬೇಕು, ಮತ್ತೆ ಹತ್ತಿಸಬೇಕು. ಜಾಗ ಎಷ್ಟೇ ಚಿಕ್ಕದಿರಲಿ, ಈ ಹೊತ್ತು ಕಡಿಮೆಯಾಗುವುದಿಲ್ಲ. ಕತ್ತಿಗೆ ಸಿಕ್ಕ ಕಲ್ಲು ಹಾರಿ ಪಕ್ಕದವರ ಕಿಟಕಿಗೋ ಕಾರಿಗೋ ಬಡಿದರೆ ಅದಕ್ಕೆಂದು ವಿಮೆ ಕಟ್ಟಿರಬೇಕು. ಮೆಸ್ಕೀಟ್ ಮುಳ್ಳಿಗೆ ಟೈರು ಪಂಕ್ಚರ್ ಆಗುತ್ತಲೇ ಇರುತ್ತದೆ. ಸೊಂಟದೆತ್ತರದ ಹುಲ್ಲಿನಲ್ಲಿ ವೇಗ ಅರ್ಧಕ್ಕಿಳಿಯುತ್ತದೆ, ಒಮ್ಮೆ ಎತ್ತರದಲ್ಲಿ, ಇನ್ನೊಮ್ಮೆ ತಗ್ಗಿಸಿ ಕತ್ತರಿಸಬೇಕಾಗುತ್ತದೆ. ಆಗ ಅದೇ 20 ನಿಮಿಷ ಒಂದು ಗಂಟೆ 20 ನಿಮಿಷವಾಗುತ್ತದೆ. ಮೊದಲ ಸಲದ ದರಕ್ಕೂ ಆಮೇಲಿನದಕ್ಕೂ ಇರುವ ವ್ಯತ್ಯಾಸ ಬಂದದ್ದು ಇಲ್ಲಿಂದ. ನಾನು ಎಲ್ಲಿ ಕೆಲಸ ಮಾಡುತ್ತೇನೆ ಎಂದು ಅವರು ಒಮ್ಮೆಯೂ ಕೇಳಿಲ್ಲ.

ನಮ್ಮಲ್ಲಿ ಎಲ್ಲವೂ ತಿರುಗುಮುರುಗು. ನೆಲ ನೋಡುವ ಮೊದಲೇ ದರ, ಕೆಲಸ ಮುಗಿದ ಮೇಲೆ ಇನ್ನೊಂದು ದರ, ನಡುವೆ "ನೋಡಿಕೊಂಡು ಕೊಡಿ ಸಾರ್". ಮುಖ ನೋಡಿ ಮಣೆ ಹಾಕುವ ಈ ಪದ್ಧತಿಯಲ್ಲಿ ಕೆಲಸಕ್ಕೆ ಬೆಲೆಯೇ ಇಲ್ಲ. ಪಾರ್ಥೇನಿಯಂ ಹೂ ಬಿಡುವ ಮೊದಲೇ ಜಾಗ ಹಸನು ಮಾಡಿಸಿದವನಿಗೂ, ಬೀಜ ಉದುರಿ ಇಡೀ ಬಡಾವಣೆಗೆ ಹಬ್ಬುವವರೆಗೆ ಬಿಟ್ಟವನಿಗೂ ದರದಲ್ಲಿ ವ್ಯತ್ಯಾಸವಿಲ್ಲ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಬೇಗ ಕರೆದವರಿಗೆ ದರ ಇಳಿಯುತ್ತದೆ ಎಂದಿದ್ದರೆ ನಮ್ಮ ಊರಿನ ಎಷ್ಟು ಖಾಲಿ ಸೈಟುಗಳು ಜುಲೈಯಲ್ಲೇ ಸ್ವಚ್ಛವಾಗುತ್ತಿದ್ದವು! ಇದನ್ನು ಯೋಚಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾಡಲಾಗದ ಕೆಲಸವೇನೂ ಅಲ್ಲ ಇದು. 2014ರ ಸುಮಾರಿಗೆ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ರೈತರಿಗೆ ಯಂತ್ರಗಳು ಗೊತ್ತುಪಡಿಸಿದ ಬಾಡಿಗೆಗೆ ಸಿಗುತ್ತವೆ. ಖಾಲಿ ಸೈಟುಗಳಿಗೂ ಗುಂಟೆಗೆ ಇಷ್ಟು, ಮೊಣಕಾಲೆತ್ತರಕ್ಕೆ ಇಷ್ಟು, ಎದೆಯೆತ್ತರಕ್ಕೆ ಇಷ್ಟು, ಬಂದು ಹೋಗುವುದಕ್ಕೆ ಇಷ್ಟು ಎಂದು ನಗರಾಡಳಿತದವರು ಟ್ರ್ಯಾಕ್ಟರ್ ಮಾಲೀಕರನ್ನು ಕೂಡಿಸಿಕೊಂಡು ಒಂದು ಪಟ್ಟಿ ಮಾಡಲು ಏನು ಅಡ್ಡಿ?

ಇಷ್ಟನ್ನು ತಮ್ಮನಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಣ್ಣ, ಅವನು ಮೊದಲೇ 2,500 ಎಂದಿದ್ದರೆ ನಾನು 1,500ಕ್ಕೆ ಇಳಿಸುತ್ತಿದ್ದೆ" ಎಂದ. ಅದು ನಿಜ. ಹೇಳಿದ ದರವನ್ನು ಹಾಗೇ ಕೊಡುವ ಗಿರಾಕಿ ನಮ್ಮಲ್ಲಿ ಇಲ್ಲವೇ ಇಲ್ಲ ಎನ್ನಬೇಕು. ಮೊದಲೇ ಸರಿಯಾದ ದರ ಹೇಳಿದ ಟ್ರ್ಯಾಕ್ಟರಿನವನು ಕೆಲಸ ಕಳೆದುಕೊಳ್ಳುತ್ತಾನೆ. ವರ್ಷಕ್ಕೊಮ್ಮೆ, ಅದೂ ನೆರೆಯವರು ಬೈದ ಮೇಲೆ ಕರೆಯುವ ನನ್ನಂಥವರಿಂದ ಅವನಿಗೆ ಖಾಯಂ ಕೆಲಸವೂ ಇಲ್ಲ, ದರ ಇಳಿಸುವುದಕ್ಕೆ ಕಾರಣವೂ ಇಲ್ಲ.

ತಮ್ಮ ಇನ್ನೊಂದನ್ನೂ ನೆನಪಿಸಿದ. ಅಪ್ಪ ತೀರಿಕೊಂಡ ವರ್ಷ ಊರಿನ ಹೊಲವನ್ನು ಉತ್ತುಕೊಟ್ಟ ಟ್ರ್ಯಾಕ್ಟರಿನವರು ಅಮ್ಮನಿಂದ ಡೀಸೆಲ್ ದುಡ್ಡು ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ. ಅದೂ ಮುಖ ನೋಡಿ ಹೇಳಿದ ದರವೇ. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಇಲ್ಲಿನ ಲೆಕ್ಕಕ್ಕೆ ಅಂಥ ಕರುಣೆ ತಾನಾಗಿ ಬರುವುದಿಲ್ಲ. ನನ್ನ ಜಾಗದ ಪಕ್ಕದಲ್ಲಿ ಒಬ್ಬ ವೃದ್ಧೆಗೆ ಸೇರಿದ, ನನ್ನದರ ಕಾಲು ಭಾಗದಷ್ಟಿರುವ ತುಂಡು ಭೂಮಿಯಿದೆ. ಕನಿಷ್ಠ ದರ ಎಂದು ಅವರೂ ನನ್ನಷ್ಟೇ ಕೊಡುತ್ತಿದ್ದರು. ಟ್ರೈಲರಿನ ಖರ್ಚು ಅವರ ಐದು ನಿಮಿಷದ ಹುಲ್ಲಿನ ಮೇಲೆ ಪೂರ್ತಿಯಾಗಿ ಬೀಳುತ್ತಿತ್ತು. ಲೆಕ್ಕ ಸರಿ, ಆದರೆ ಪಿಂಚಣಿಯಲ್ಲಿ ಬದುಕುವವರಿಗೆ ಅದು ಭಾರ. ಇಬ್ಬರಿಗೂ ಒಂದೇ ದಿನ ಬಂದು ಸಾಗಾಟದ ಖರ್ಚನ್ನು ಹಂಚಬಹುದಲ್ಲ ಎಂದು ನಾನೇ ಕೇಳಬೇಕಾಯಿತು. ಕೇಳಿದ ಮೇಲೆ ಆ ಹಿರಿಯರು ತಕ್ಷಣ ಒಪ್ಪಿದರು, ಈಗ ಆಕೆ ಕೊಡುವುದು 35 ಡಾಲರ್, ನಾನು ಕೊಡುವುದು 75.