9.8 ಬರಲೇಬೇಕಾ?

ಎಳ್ಳ ಅಮಾಸೆಗೆ ಕಲಬುರಗಿಗೆ ಹೋದಾಗ ಅಕ್ಕನ ಮಗನ ಫಿಸಿಕ್ಸ್ ರೆಕಾರ್ಡ್ ನೋಡಿದೆ. ದಾರಕ್ಕೆ ಗುಂಡು ಕಟ್ಟಿ ತೂಗಿಸಿ ಗುರುತ್ವ ಅಳೆಯುವ ಲೋಲಕದ ಪ್ರಯೋಗ. ಅಂದವಾದ ಪಟ್ಟಿ, ಕೊನೆಗೆ ಸರಿಯಾಗಿ 9.8.

"ಎಷ್ಟು ಸಲ ತೂಗಿಸಿದ್ಯೋ?"

"ಗುಂಡು ಮುಟ್ಟೇ ಇಲ್ರಿ ಮಾಮಾ. 9.8 ಬರಬೇಕಲ್ಲ, ಹಿಂದಿನಿಂದ ಲೆಕ್ಕ ಮಾಡಿ ಬರದೀನಿ."

ತುಂಬಾ ನೋವಾಯ್ತು. ಪಿಎಚ್‌ಡಿಯ ಅಷ್ಟೂ ವರ್ಷ ನಾನು ಅಳೆದಿದ್ದು ಅದೇ ಗುರುತ್ವವನ್ನು. ತಣ್ಣಗೆ ಮಾಡಿದ ರುಬಿಡಿಯಂ ಪರಮಾಣುಗಳನ್ನು ನಿರ್ವಾತದಲ್ಲಿ ಬೀಳಿಸಿ, ಬೀಳುವುದನ್ನು ಲೇಸರ್‌ನಿಂದ ಅಳೆಯುವುದು. ಒಂಬತ್ತು ಅಂಕಿಯವರೆಗೆ ನಂಬಬಹುದು. ಈಗ ಅಮೆರಿಕದ ಬೋಲ್ಡರ್‌ನಲ್ಲಿ ಸ್ಟ್ರಾಂಷಿಯಂ ಪರಮಾಣುಗಳ ತಾಳದಿಂದ ಸಮಯ ಅಳೆಯುವ ಗಡಿಯಾರದ ಕೆಲಸ. ಇಂಥ ಗಡಿಯಾರಗಳಲ್ಲಿ ಒಳ್ಳೆಯವು ವಿಶ್ವ ಹುಟ್ಟಿದಾಗಿನಿಂದ, ಸುಮಾರು 1,380 ಕೋಟಿ ವರ್ಷ, ಓಡಿದ್ದರೂ ಒಂದು ಸೆಕೆಂಡು ತಪ್ಪುತ್ತಿರಲಿಲ್ಲ.

ಆದರೆ ಅಲ್ಲಿ ಮೊದಲ ವಾರ ಯಾರೂ ನನ್ನನ್ನು ಉತ್ತರ ಕೇಳಲಿಲ್ಲ. "ಎಲ್ಲೆಲ್ಲಿ ತಪ್ಪಿರಬಹುದು, ಬರೆದುಕೊಂಡು ಬಾ" ಅಂದರು. ಕಾಂತಕ್ಷೇತ್ರ, ಲೇಸರ್ ಬೆಳಕು ಅಂತ ಬರೆದೆ. ಪೆಟ್ಟಿಗೆಯ ಗೋಡೆಯ ಬಿಸಿ ಕೂಡ ಪರಮಾಣುವಿನ ತಾಳ ಕೆಡಿಸುತ್ತದೆ. ಗೋಡೆಗೆ ಥರ್ಮಾಮೀಟರ್ ಅಂಟಿಸಿ ತಿಂಗಳುಗಟ್ಟಲೆ ಕೂತೆವು. ಬೋಲ್ಡರ್ ಸುಮಾರು 1,650 ಮೀಟರ್ ಎತ್ತರದಲ್ಲಿದೆ. ಎತ್ತರ ಹೆಚ್ಚಿದಷ್ಟೂ ಸಮಯ ಚೂರು ಬೇಗ ಓಡುತ್ತದೆ. ಅಷ್ಟಕ್ಕೇ ಅಲ್ಲಿನ ಗಡಿಯಾರ ಕಲಬುರಗಿಯ ಗಡಿಯಾರಕ್ಕಿಂತ ವರ್ಷಕ್ಕೆ ಸುಮಾರು 4 ಮೈಕ್ರೋಸೆಕೆಂಡು ಮುಂದೆ ಹೋಗುತ್ತದೆ. ಎತ್ತರದ ಲೆಕ್ಕವನ್ನೂ ಕಳೆಯಬೇಕು. ಹೊಸ ತಪ್ಪು ಹುಡುಕಿದವನಿಗೆ ಅಲ್ಲಿ ಶಹಬ್ಬಾಸ್.

ನಮ್ಮಲ್ಲಿ 9.5 ಬರೆದ ಹುಡುಗನಿಗೆ ಮಾರ್ಕ್ಸ್ ಕಟ್. ಯಾಕೆ ಬಂತು ಅಂತ ಯಾರೂ ಕೇಳಲ್ಲ. ಫ್ಯಾನ್ ಗಾಳಿ ಬಡಿಯಿತಾ? ದಾರ ಹಿಗ್ಗಿತಾ? ಫಿಸಿಕ್ಸ್ ಇರೋದೇ ಅಲ್ಲಿ, ಅಲ್ವಾ? ಹದಿನೇಳರ ಹುಡುಗನಿಗೆ ಸುಳ್ಳು ಅಂಕಿ ಬರೆಯೋದನ್ನು ನಾವೇ ಕಲಿಸುತ್ತಿದ್ದೇವೆ. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಮರುದಿನ ಕಾಕಾನ ಜೊತೆ ಕಾಳಿನ ಮಾರುಕಟ್ಟೆ ಗಂಜ್‌ಗೆ ಹೋದೆ. ತೊಗರಿ ರಾಶಿ ಬಂದಿತ್ತು. ಕಾಕಾ ಒಂದು ಕಾಳು ಹಲ್ಲಲ್ಲಿ ಕಡಿದು, "ಇನ್ನಾ ಹಸಿ ಅದ" ಅಂದು ತೂಕದಲ್ಲಿ ಇಷ್ಟು ಕಳೆದ. ಆಮೇಲೆ ನನ್ನ ಕೈಗೆ ಖಾಲಿ ಚೀಲ ಕೊಟ್ಟ. "ಇದರ ತೂಕಾನೂ ಕಳಿ, ತಮ್ಮಾ." ನಾನು ಎಂಟು ವರ್ಷದವನಿದ್ದಾಗಲೂ ಹೀಗೇ ಕೊಡುತ್ತಿದ್ದ. ತಪ್ಪು ಹುಡುಕಿ ಕಳೆಯೋದನ್ನು ಬೋಲ್ಡರ್‌ನಲ್ಲಿ ಕಲಿತೆ ಅಂತ ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ. ಅದು ಪೂರ್ತಿ ನಿಜವಲ್ಲ.

ಸಂಜೆ ಬಾಗಿಲ ಚೌಕಟ್ಟಿಗೆ ದಾರ ಕಟ್ಟಿ ಬೀಗ ತೂಗುಬಿಟ್ಟೆವು. ಲೆಕ್ಕ ಮಾಡಿದರೆ 9.5 ಬಂತು. ಅಳಿಯ ಸ್ವಲ್ಪ ಹೊತ್ತು ಬೀಗವನ್ನೇ ನೋಡಿದ.

"ಮಾಮಾ, ದಾರ ಅಷ್ಟೇ ಅಳದೀವಿ. ಬೀಗದ ನಡುಮಟ ಅಳೀಬೇಕಿತ್ತು."

ಸ್ಕೇಲ್ ತರಲು ಒಳಗೆ ಓಡಿದ.