ಬೆಂಚಿನಲ್ಲೇ ಉಳಿದ 12 ಅಂಕ

ಇಂಗ್ಲೆಂಡಿನ ಫುಟ್‌ಬಾಲ್ ಪಂದ್ಯಾವಳಿ ಪ್ರೀಮಿಯರ್ ಲೀಗ್‌ನ ಫ್ಯಾಂಟಸಿ ಆಟದಲ್ಲಿ ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟಬೇಕು, ಅವರು ಮೈದಾನದಲ್ಲಿ ಆಡಿದಂತೆ ನಮಗೆ ಅಂಕ. 15 ಜನರಲ್ಲಿ 11 ಜನರನ್ನು ಇಳಿಸಬೇಕು, ಉಳಿದವರು ಬೆಂಚಿನಲ್ಲಿ. 15 ಜನರನ್ನು ಆರಿಸುವುದಕ್ಕಿಂತ ಆ ಹನ್ನೊಂದನೆಯವನನ್ನು ಆರಿಸುವುದೇ ಜಾಸ್ತಿ ಕಷ್ಟ. ಎದುರಾಳಿಯನ್ನು ತಡೆಯುವ ಡಿಫೆಂಡರ್ ಗೋಲು ಹೊಡೆದರೆ 6 ಅಂಕ, ನಡುವೆ ಆಡುವ ಮಿಡ್‌ಫೀಲ್ಡರ್‌ಗೆ 5, ಗೋಲು ಹೊಡೆಯಲೆಂದೇ ಮುಂದೆ ಆಡುವ ಫಾರ್ವರ್ಡ್‌ಗೆ 4. ತಂಡ ಗೋಲು ಬಿಟ್ಟುಕೊಡದಿದ್ದರೆ ಡಿಫೆಂಡರ್‌ಗೆ ಇನ್ನೂ 4, ಫಾರ್ವರ್ಡ್‌ಗೆ ಏನೂ ಇಲ್ಲ. ಅಕ್ಕಿಯನ್ನು ಸೇರಿನಲ್ಲಿ, ಬಟ್ಟೆಯನ್ನು ಮೊಳದಲ್ಲಿ ಅಳೆದು ಯಾವುದು ಜಾಸ್ತಿ ಅಂತ ಕೇಳಿದರೆ ಏನು ಹೇಳುವುದು?

ಕಳೆದ ಶನಿವಾರ ಮಧ್ಯಾಹ್ನ ಊಟ ಬಿಟ್ಟು ಯೋಚಿಸಿ, ಹನ್ನೊಂದನೆಯವನಾಗಿ ಒಬ್ಬ ಡಿಫೆಂಡರ್‌ನನ್ನು ಬೆಂಚಿನಲ್ಲಿ ಬಿಟ್ಟು ಫಾರ್ವರ್ಡ್‌ನನ್ನೇ ಕಣಕ್ಕಿಳಿಸಿದೆ. ಅವನು ಮೈದಾನಕ್ಕೆ ಬಂದದ್ದು 88ನೇ ನಿಮಿಷಕ್ಕೆ. ಸಿಕ್ಕಿದ್ದು 1 ಅಂಕ! ಅವನು ಆಡದೇ ಇದ್ದಿದ್ದರೆ ಬೆಂಚಿನವನಾದರೂ ಒಳಗೆ ಬರುತ್ತಿದ್ದ, ಅಲ್ವಾ? ಆ ಎರಡು ನಿಮಿಷ ಆ ದಾರಿಯನ್ನೂ ಮುಚ್ಚಿತು. ಬೆಂಚಿನಲ್ಲಿದ್ದ ಡಿಫೆಂಡರ್ ಅದೇ ದಿನ ತಲೆಯಿಂದ ಗೋಲು ಹೊಡೆದ. ಅವನ ತಂಡ ಒಂದೂ ಗೋಲು ಬಿಡಲಿಲ್ಲ. ಪೂರ್ತಿ ಆಡಿದ್ದಕ್ಕೆ ಸಿಗುವ 2 ಸೇರಿ 12 ಅಂಕ ಸುಮ್ನೆ ಹೋಯಿತು. ಇನ್ನೂ ಹೊಟ್ಟೆ ಉರಿಯುತ್ತಿದೆ.