ನಡುವಿನ ದೊಡ್ಡ ‘ಜಿ’

ಬಳ್ಳಾರಿಯ ರಾಯಲ್ ಸರ್ಕಲ್ ಸಮೀಪದಲ್ಲಿ ವಿಮಾನದ ಟಿಕೆಟ್ ಮಾಡಿಸಿಕೊಡುವ ಅಂಗಡಿಯ ಮಾಲೀಕರೊಬ್ಬರು ಹೊಸ ಫ್ಲೆಕ್ಸ್ ಹಾಕಿಸಲು ಹೊರಟಾಗ, ಇಂಗ್ಲಿಷಿನ ಹೆಸರಿನಲ್ಲಿ ಯಾವ ಅಕ್ಷರ ದೊಡ್ಡದಿದೆಯೋ ಕನ್ನಡದಲ್ಲಿಯೂ ಅದೇ ಅಕ್ಷರ ದೊಡ್ಡದಾಗಿರಬೇಕೆಂದು ಪಟ್ಟು ಹಿಡಿದರು. ಇಂಡಿಗೋದಲ್ಲಿ ಮೊದಲಿನ ‘ಐ’ ದೊಡ್ಡದು, ನಡುವಿನ ‘ಜಿ’ಯೂ ದೊಡ್ಡದು, ಸ್ಪೈಸ್‌ಜೆಟ್‌ನಲ್ಲಿ ‘ಜೆ’ ಎದೆಯುಬ್ಬಿಸಿ ನಿಂತಿದೆ, ಬ್ರಿಟನ್ನಿನ ಈಜಿಜೆಟ್ ಮಾತ್ರ ತನ್ನ ಮೊದಲಕ್ಷರವನ್ನು ಚಿಕ್ಕದಾಗಿಯೇ ಉಳಿಸಿಕೊಂಡು ವಿನಯವನ್ನೂ ಜಾಹೀರಾತಾಗಿಸಿದೆ. ಫ್ಲೆಕ್ಸ್ ಅಂಗಡಿಯ ಹುಡುಗ ತಾಳ್ಮೆಯಿಂದ ಕೇಳಿದ: “ಸರ, ನಮ್ಮ ಅಕ್ಷರದಾಗ ದೊಡ್ಡದು ಸಣ್ಣದು ಎಲ್ಲೈತ್ರಿ? ಬೇಕಾದ್ರ ಒತ್ತು ಕೆಳಗ ಇಳಸ್ತೀನಿ, ಮ್ಯಾಲ ಏರ್ಸಾಕ ಬರಂಗಿಲ್ಲ.”

ಹುಡುಗನ ಮಾತಿನಲ್ಲಿ ತಪ್ಪಿಲ್ಲ. ಹಂಪಿಯ ಶಾಸನಗಳಲ್ಲಿ ಕೃಷ್ಣದೇವರಾಯನ ‘ಕೃ’ ಕೂಡ ಪಕ್ಕದ ಅಕ್ಷರಗಳ ಸಾಲಿನಲ್ಲಿಯೇ ಕುಳಿತಿದೆ. ಚಕ್ರವರ್ತಿಗೆ ಸಿಗದ ದೊಡ್ಡಕ್ಷರವನ್ನು ವಿಮಾನ ಕಂಪನಿಗೆ ಎಲ್ಲಿಂದ ತರುವುದು?

ಇಂಗ್ಲಿಷಿನವರ ಗೋಳು ಬೇರೆ ಬಗೆಯದು. ಆಸ್ಟ್ರೇಲಿಯಾದಲ್ಲಿ 1920ರಲ್ಲಿ ಹುಟ್ಟಿದ ಕ್ವಾಂಟಸ್ ಎಂಬುದು ಕ್ವೀನ್ಸ್‌ಲ್ಯಾಂಡ್ ಮತ್ತು ನಾರ್ದರ್ನ್ ಟೆರಿಟರಿ ವೈಮಾನಿಕ ಸೇವೆಯ ಹೆಸರಿನ ಮೊದಲಕ್ಷರಗಳ ಮೊತ್ತ. ಅಲ್ಲಿ ‘ಮತ್ತು’ ಎಂಬ ಪದಕ್ಕೂ ಒಂದು ಸೀಟು ದೊರೆತಿದೆ. ಅದನ್ನು ಪದದಂತೆ ಉಚ್ಚರಿಸುವುದರಿಂದ ಒಂದೇ ದೊಡ್ಡಕ್ಷರ ಸಾಕೆಂದು ಕೆಲವು ಸಂಪಾದಕರು ಹೇಳಿದರೆ, ಆರೂ ದೊಡ್ಡದಿರಲಿ ಎನ್ನುವವರೂ ಇದ್ದಾರೆ. 1919ರ ಡಚ್ಚರ ಕೆಎಲ್‌ಎಂ ಅನ್ನು ಬಿಡಿಬಿಡಿಯಾಗಿ ಓದಲೇಬೇಕಾದ್ದರಿಂದ ಅದರ ಮೂರೂ ಅಕ್ಷರಗಳಿಗೆ ಮೇಲ್ದರ್ಜೆ ಖಾತ್ರಿ. ಅಕ್ಷರಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದೂ ಉಂಟು: ಮಹೀಂದ್ರಾ ಕಂಪನಿ 2024ರಲ್ಲಿ ತನ್ನ ಕಾರಿನ ಹೆಸರಿಗೆ 6ರ ಪಕ್ಕದಲ್ಲಿ ಸಣ್ಣ ‘ಇ’ ಒಂದನ್ನು ಅಂಟಿಸಿದಾಗ, ದೊಡ್ಡ ‘ಇ’ ಇರುವ ‘6ಇ’ ತನ್ನ ವಿಮಾನಗಳ ಸಂಕೇತವೆಂದು ಇಂಡಿಗೋ ದೆಹಲಿ ಹೈಕೋರ್ಟಿಗೆ ಹೋಯಿತು, ಕಾರು ತನ್ನ ‘ಇ’ಯನ್ನು ಕಳಚಿಟ್ಟಿತು.

ನಮ್ಮ ಸರ್ಕಾರವಾದರೂ ಹಿಂದೆ ಬೀಳಲಿಲ್ಲ. 2016ರ ಉಡಾನ್ ಯೋಜನೆಯ ಪೂರ್ಣರೂಪ ‘ಉಡೇ ದೇಶ್ ಕಾ ಆಮ್ ನಾಗರಿಕ್’. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣಕ್ಕೆ ಜನಸಾಮಾನ್ಯರ ವಿಮಾನ ಬಂದದ್ದು ಇದರ ಕೃಪೆಯಿಂದಲೇ. ಆದರೆ ಹಿಂದಿಯ ಈ ಸಂಕ್ಷೇಪ ಹಿಂದಿಯ ಲಿಪಿಯಲ್ಲಿಯೇ ನಿಲ್ಲುವುದಿಲ್ಲ. ‘ದೇಶ್’ನಲ್ಲಿರುವ ದಕಾರ ರೋಮನ್ ‘ಡಿ’ಯ ವೇಷ ತೊಟ್ಟು ಆಚೆ ಡಕಾರವಾಗಿ ಹೊರಬೀಳುತ್ತದೆ, ‘ಕಾ’ ನಡುದಾರಿಯಲ್ಲಿಯೇ ಇಳಿದುಹೋಗುತ್ತದೆ. ಪ್ರಾಮಾಣಿಕವಾಗಿ ಮೊದಲಕ್ಷರಗಳನ್ನು ಕೂಡಿಸಿದರೆ ದೊರೆಯುವುದು ‘ಉದೇಆನಾ’. ಅದನ್ನು ಗಟ್ಟಿಯಾಗಿ ಕೂಗಿದರೆ ಸವದತ್ತಿಗೆ ಹೊರಟ ಎಲ್ಲಮ್ಮನ ಭಕ್ತರು ತಮ್ಮ ‘ಉಧೋ ಉಧೋ’ಕ್ಕೆ ಜೊತೆ ಸಿಕ್ಕಿತೆಂದು ತಿಳಿದಾರು. ಇದಕ್ಕಿಂತ ನಮ್ಮ ಕೆಂಪು ಬಸ್ಸಿನ ‘ಕಕರಸಾ’ ಎಷ್ಟೋ ಮೇಲು: ಕಲ್ಯಾಣ, ಕರ್ನಾಟಕ, ರಸ್ತೆ, ಸಾರಿಗೆ ಎಂದು ಕೈಬೆರಳಿನಲ್ಲಿ ಎಣಿಸಿ ಒಪ್ಪಿಸಬಹುದು.

ಊರಿನ ಸ್ಥಿತಿಯೂ ಭಿನ್ನವಲ್ಲ. 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಬೆಲ್ಲಾರಿ’ ಅಧಿಕೃತವಾಗಿ ‘ಬಳ್ಳಾರಿ’ಯಾಯಿತು, ವಿಮಾನಯಾನದ ಕಡತದಲ್ಲಿ ಮಾತ್ರ ನಾವು ಇಂದಿಗೂ ‘ಬಿಇಪಿ’. ಚಾಗನೂರು, ಸಿರಿವಾರದ ಹೊಲಗಳಲ್ಲಿ ಏಳಬೇಕಾದ ವಿಮಾನ ನಿಲ್ದಾಣದ ಮಾತನ್ನು ವರ್ಷಗಟ್ಟಲೆ ಕೇಳುತ್ತ ಬಂದ ನಮಗೆ, ಮೂರಕ್ಕೆ ಮೂರೂ ದೊಡ್ಡಕ್ಷರಗಳಾದರೂ ಮುಂಚಿತವಾಗಿ ಮಂಜೂರಾಗಿವೆಯಲ್ಲ ಎಂಬ ಸಮಾಧಾನವಿದೆ.

ಕೊನೆಗೆ ಮಾಲೀಕರ ಹಟವೇ ಗೆದ್ದಿತು. ಹುಡುಗ ‘ಗೋ’ ಅಕ್ಷರವನ್ನು ಮಿಕ್ಕವುಗಳಿಗಿಂತ ಎರಡು ಪಟ್ಟು ಹಿಗ್ಗಿಸಿದ. ಅದು ತನ್ನ ತೂಕಕ್ಕೆ ತಾನೇ ಬಾಗಿದಂತೆ ಸಾಲಿನಿಂದ ಬೇರೆಯಾಗಿ ಅತ್ತ ಸರಿಯಿತು. ಫ್ಲೆಕ್ಸ್ ಕಟ್ಟಿದ ಮರುದಿನ ಬೆಳಿಗ್ಗೆ, ನಿಂಬೆಯ ವ್ಯಾಪಾರಕ್ಕೆಂದು ವಿಜಯಪುರದ ಕಡೆಗೆ ಹೊರಟಿದ್ದ ಹಿರಿಯರೊಬ್ಬರು ಕೈಚೀಲವನ್ನು ಮೆಟ್ಟಿಲ ಮೇಲಿಟ್ಟು, ಬೋರ್ಡನ್ನು ಎರಡು ಸಲ ಓದಿಕೊಂಡು, ಒಳಗಿದ್ದವರನ್ನು ಕೇಳಿದರು: “ಯಪ್ಪಾ, ಇಂಡಿಗೆ ಹೋಗೋ ಬಸ್ಸು ಇಲ್ಲೇ ನಿಲ್ತದೇನು?”